ಇದ್ದವರ ಲೆಕ್ಕ

1971ರಲ್ಲಿ, ನನಗೆ ಒಂಬತ್ತು ವರ್ಷವಾಗಿದ್ದಾಗ, ಮೈಸೂರಿನ ಮಂಡಿ ಮೊಹಲ್ಲಾದ ನಮ್ಮ ಮನೆಗೆ ವಯಸ್ಸಾದ ಇಂಗ್ಲಿಷ್ ಹೆಂಗಸೊಬ್ಬರು ಬಂದಿದ್ದರು. ಅವರು ಬಹಳ ಹಿಂದೆ ಮಿಷನ್ ಆಸ್ಪತ್ರೆಯಲ್ಲಿ ನರ್ಸಾಗಿದ್ದವರು. ತಮ್ಮ ದೇಶಕ್ಕೆ ಮರಳಿ ಇಪ್ಪತ್ತು ವರ್ಷಗಳಾದ ಮೇಲೆ ಹಳೆಯ ಗೆಳತಿಯರನ್ನು ನೋಡಿಹೋಗಲು ಬಂದಿದ್ದರು. ನಮ್ಮಜ್ಜಿ ಅದೇ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು. ಅಂದು ಬೆಳಗಿನಿಂದಲೇ ಮನೆ ಸಾರಿಸಿ, ಬೀರುವಿನ ಕೆಳಖಾನೆಯಲ್ಲಿದ್ದ ಪಿಂಗಾಣಿ ಕಪ್ಪುಗಳನ್ನು ಹೊರತೆಗೆದು ತೊಳೆದು, ನಮಗೆಲ್ಲ ಕ್ರಿಸ್ಮಸ್ಸಿನ ಬಟ್ಟೆ ತೊಡಿಸಿ ಸಾಲಾಗಿ ನಿಲ್ಲಿಸಿದ್ದಳು. ಮಿಸ್ಸಮ್ಮ ಪುಸ್ತಕದಲ್ಲಿ ಕಲಿತ ಕನ್ನಡದಲ್ಲಿ ಒಬ್ಬೊಬ್ಬರನ್ನಾಗಿ ವಿಚಾರಿಸಿದರು. ಹೆರಿಗೆ ವಾರ್ಡಿನ ದೊಡ್ಡ ಆಯಾ ಸೌಖ್ಯವಾಗಿರುವರೋ? ತೀರಿಕೊಂಡ್ರು, ಮಿಸ್ಸಮ್ಮಾವ್ರೇ. ತೋಟದ ಮಾಲಿ? ಅವನೂ ಹೋದ. ಗೇಟಿನ ಬಳಿ ಇರುತ್ತಿದ್ದ ಮುದುಕ? ಹೀಗೆ ಏಳೆಂಟು ಹೆಸರುಗಳಾದವು, ಏಳೆಂಟು ಬಾರಿ ಅವರು ಕರವಸ್ತ್ರದಿಂದ ಕಣ್ಣೊರೆಸಿಕೊಂಡರು. ಟೀ ಕುಡಿದು, ನಮ್ಮ ತಲೆ ಸವರಿ, ಕಾದು ನಿಂತಿದ್ದ ಟಾಂಗಾ ಹತ್ತಿ ಹೊರಟುಹೋದರು.

ಕಪ್ಪುಗಳನ್ನು ಮತ್ತೆ ತೊಳೆದಿಡುತ್ತ ಅಜ್ಜಿ ಅಂದ ಮಾತು ನನಗೆ ಇವತ್ತಿಗೂ ಹಾಗೇ ನೆನಪಿದೆ. "ಅಷ್ಟು ದೂರದಿಂದ ಬಂದ್ರು, ಪಾಪ. ಸತ್ತೋರ್ನೆಲ್ಲ ಒಬ್ಬೊಬ್ಬರನ್ನೇ ಕೇಳಿದ್ರು. ಇದ್ದೋರು ನಾವು ಎದುರಿಗೇ ನಿಂತಿದ್ವಿ. ನಿನಗೆಷ್ಟು ಮಕ್ಕಳು, ಇವು ಯಾರ ಮಕ್ಕಳು ಅಂತ ಒಂದು ಮಾತು ಕೇಳಬಾರದಿತ್ತಾ?"

2024ರ ಜುಲೈನಲ್ಲಿ ಬೆಂಗಳೂರಿನಿಂದ ಅಡಿಸ್ ಅಬಾಬಾ ಮಾರ್ಗವಾಗಿ ಆಫ್ರಿಕಾದ ಮಲಾವಿ ದೇಶದ ರಾಜಧಾನಿ ಲಿಲೋಂಗ್ವೆಗೆ ಹೋಗುವ ವಿಮಾನದಲ್ಲಿ ಕುಳಿತಾಗ, ಈ ಬಾರಿ ಆ ಮಿಸ್ಸಮ್ಮನ ಜಾಗದಲ್ಲಿರುವವಳು ನಾನೇ ಎಂಬುದು ಹೊಳೆದು ಸ್ವಲ್ಪ ನಗು ಬಂತು, ಸ್ವಲ್ಪ ದಿಗಿಲೂ ಆಯಿತು. 1997ರಿಂದ 2000ದವರೆಗೆ ಮೂರು ವರ್ಷ ನಾನು ಮಲಾವಿ ದೇಶದ ಉತ್ತರಕ್ಕಿರುವ ಲಿವಿಂಗ್‌ಸ್ಟೋನಿಯಾ ಎಂಬ ಬೆಟ್ಟದೂರಿನ ಮಿಷನ್ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದೆ. ನಮ್ಮ ಕ್ರೈಸ್ತ ಸಭೆಯ ಮೂಲಕ ಬಂದ ಕರೆಗೆ ಓಗೊಟ್ಟು ಹೋದವಳು ನಾನು. 1906ರಲ್ಲಿ ಇಂಗ್ಲಿಷ್ ಮಿಷನ್ನಿನವರು ಮೈಸೂರಿನಲ್ಲಿ ತೆರೆದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ಹುಟ್ಟಿ, ಮಿಷನ್ ಶಾಲೆಯಲ್ಲಿ ಓದಿ, ಕೊನೆಗೆ ನಾನೇ ಮಿಷನ್ನಿನವಳಾಗಿ ಇನ್ನೊಂದು ಖಂಡಕ್ಕೆ ಹೋಗಿದ್ದನ್ನು ಅಜ್ಜಿ ನೋಡಲಿಲ್ಲ. ನೋಡಿದ್ದರೆ ಹೆಮ್ಮೆಪಡುತ್ತಿದ್ದಳೋ, "ಅಲ್ಲಿ ಯಾರಿದ್ದಾರೆ ಅಂತ ಹೋಗ್ತೀಯೇ" ಎಂದು ಬೈಯುತ್ತಿದ್ದಳೋ ಹೇಳಲಾರೆ.

ಆ ಊರಿನ ಕಥೆಯನ್ನು ಸ್ವಲ್ಪ ಹೇಳಬೇಕು, ಏಕೆಂದರೆ ಅದರಲ್ಲಿ ನನ್ನ ಕಸುಬಿಗೆ ಹತ್ತಿರವಾದದ್ದೊಂದು ಇದೆ. ಸ್ಕಾಟ್ಲೆಂಡಿನ ಮಿಷನರಿಗಳು 1875ರಲ್ಲಿ ಮಲಾವಿ ಸರೋವರದ ದಕ್ಷಿಣ ತುದಿಯಲ್ಲಿ, ಕೇಪ್ ಮ್ಯಾಕ್ಲಿಯರ್‌ನಲ್ಲಿ, ಮೊದಲು ನೆಲೆ ನಿಂತರು. ಆಫ್ರಿಕಾದಲ್ಲೆಲ್ಲ ಸುತ್ತಾಡಿದ ಮಿಷನರಿ ಡೇವಿಡ್ ಲಿವಿಂಗ್‌ಸ್ಟನ್ನನ ನೆನಪಿಗೆ ತಮ್ಮ ಮಿಷನ್ನಿಗೆ ಲಿವಿಂಗ್‌ಸ್ಟೋನಿಯಾ ಎಂದು ಹೆಸರಿಟ್ಟರು. ಅಲ್ಲಿ ಜ್ವರ ಅವರನ್ನು ಒಬ್ಬೊಬ್ಬರಾಗಿ ತಿಂದುಹಾಕಿತು, ಸಮಾಧಿಗಳು ಈಗಲೂ ಇವೆ. 1881ರಲ್ಲಿ ದಂಡೆಯುದ್ದಕ್ಕೂ ಮೇಲೆ ಸರಿದು ಬಂಡಾವೆಗೆ ಬಂದರು. ಜ್ವರ ಅಲ್ಲಿಗೂ ಬಂತು. ಕೊನೆಗೆ 1894ರಲ್ಲಿ ಡಾಕ್ಟರ್ ರಾಬರ್ಟ್ ಲಾಸ್ ನೀರಿನ ಸಹವಾಸವೇ ಬೇಡವೆಂದು ಸರೋವರದಿಂದ ನೆಟ್ಟಗೆ ಎದ್ದು ನಿಂತ ಕೊಂಡೋವೆ ಎಂಬ ಬೆಟ್ಟದ ಮೇಲೆ, ದಂಡೆಯಿಂದ ಎಂಟು ನೂರು ಮೀಟರಿನಷ್ಟು ಎತ್ತರದಲ್ಲಿ, ಜಾಗ ಹುಡುಕಿಕೊಂಡರು. ಮಲೇರಿಯಾ ಸೊಳ್ಳೆಯಿಂದ ಬರುತ್ತದೆಂದು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಕೊಂಡದ್ದು 1897ರಲ್ಲಿ. ಅಂದರೆ, ಬೆಟ್ಟದ ಮೇಲೆ ಜನ ಏಕೆ ಬದುಕುತ್ತಾರೆಂಬುದು ತಿಳಿಯದೆಯೇ, ಬದುಕುತ್ತಾರೆ ಎಂಬುದನ್ನಷ್ಟೇ ಕಂಡು, ಅವರು ಆ ಊರು ಕಟ್ಟಿದರು. ಮಂಡ್ಯದ ಕಡೆಯ ನಮ್ಮ ತಾಯಿಯ ತವರಿನಲ್ಲಿ ಕಥೆ ಇದಕ್ಕೆ ತಿರುಗುಮುರುಗು. ಕನ್ನಂಬಾಡಿ ಕಟ್ಟೆಯಿಂದ ಆಗ ಇರ್ವಿನ್ ನಾಲೆ ಎನ್ನುತ್ತಿದ್ದ ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿದದ್ದೇ ತಡ, "ಗದ್ದೆ ಬಂತು, ಗದ್ದೆಯ ಹಿಂದೇನೇ ಚಳಿಜ್ವರಾನೂ ಬಂತು" ಎಂದು ಅಲ್ಲಿನ ಹಿರಿಯರು ಹೇಳುತ್ತಿದ್ದರು. ನೀರನ್ನು ಬಿಟ್ಟು ಓಡಿದವರು ಅವರು, ನೀರನ್ನು ಕರೆತಂದವರು ನಾವು. ಮೂರು ವರ್ಷ ದಿನಕ್ಕೆ ನಲವತ್ತು ಐವತ್ತು ರಕ್ತದ ಸ್ಲೈಡು ನೋಡಿದವಳಿಗೆ ಇಂಥ ಹೋಲಿಕೆಗಳು ಬೇಡವೆಂದರೂ ಹೊಳೆಯುತ್ತವೆ.

ಲಿಲೋಂಗ್ವೆಯಿಂದ ಉತ್ತರದ ಮ್ಜೂಜೂ ಪಟ್ಟಣಕ್ಕೆ ಸುಮಾರು 350 ಕಿಲೋಮೀಟರು. ಬಸ್ಸು ಚಿಕಂಗಾವಾ ಕಾಡನ್ನು ಹೊಕ್ಕಾಗ ಅದುವರೆಗೆ ಗಲಗಲ ಎನ್ನುತ್ತಿದ್ದ ಪ್ರಯಾಣಿಕರು ಮೌನವಾದರು. ಹಿಂದಿನ ತಿಂಗಳಷ್ಟೇ, ಜೂನ್ 10ರಂದು, ದೇಶದ ಉಪಾಧ್ಯಕ್ಷ ಸೌಲೋಸ್ ಚಿಲಿಮಾ ಅವರಿದ್ದ ವಿಮಾನ ಆ ಕಾಡಿನಲ್ಲಿ ಬಿದ್ದು ಒಳಗಿದ್ದ ಒಂಬತ್ತೂ ಜನ ಸತ್ತಿದ್ದರು. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಕಿಟಕಿಯ ಕಡೆಗೆ ಗಲ್ಲ ಎತ್ತಿ ತೋರಿಸಿದಳು, ಏನೂ ಹೇಳಲಿಲ್ಲ. ಆ ವರ್ಷ ಮಳೆಯೂ ಕೈಕೊಟ್ಟಿತ್ತು. ಮಾರ್ಚಿನಲ್ಲಿಯೇ ಸರ್ಕಾರ 28 ಜಿಲ್ಲೆಗಳ ಪೈಕಿ 23ರಲ್ಲಿ ಬರವನ್ನು ವಿಪತ್ತೆಂದು ಘೋಷಿಸಿತ್ತು. ಉಡುಗೊರೆಯೆಂದು ನಾನು ಚೀಲದಲ್ಲಿ ಒಯ್ದಿದ್ದ ಎರಡು ಡಜನ್ ಮೈಸೂರ್ ಸ್ಯಾಂಡಲ್ ಸೋಪು, ಮೂರು ಡಬ್ಬಿ ಮೈಸೂರ್ ಪಾಕು ನನಗೇ ಹಾಸ್ಯಾಸ್ಪದವಾಗಿ ಕಂಡವು. ಹೊಟ್ಟೆಗಿಲ್ಲದ ವರ್ಷದಲ್ಲಿ ನೆಂಟರ ಮನೆಗೆ ಪನ್ನೀರು ಒಯ್ದಂತೆ.

ಸರೋವರದ ದಂಡೆಯ ಚಿತಿಂಬಾದಿಂದ ಬೆಟ್ಟಕ್ಕೆ ಹದಿನೈದು ಕಿಲೋಮೀಟರಿನ ಮಣ್ಣುದಾರಿ. ಅದರಲ್ಲಿ 20 ಹೇರ್‌ಪಿನ್ ತಿರುವುಗಳು. ಚಾಮುಂಡಿ ಬೆಟ್ಟದ ರಸ್ತೆಗೆ ಡಾಂಬರು ಕಿತ್ತು, ತಡೆಗೋಡೆ ತೆಗೆದು, ಒಂದು ಕಡೆಗೆ ಪಾತಾಳವಿಟ್ಟರೆ ಹೇಗಿರುತ್ತದೋ ಹಾಗೆ. ನಮ್ಮ ಕಾಲದಲ್ಲಿ ಮತೋಲಾ ಎಂದು ಕರೆಯುವ ಪಿಕಪ್ ವಾಹನದ ಹಿಂದೆ, ಮೂಟೆಗಳ ಮೇಲೆ, ಕೋಳಿಗಳ ಪಕ್ಕದಲ್ಲಿ ಕುಳಿತು ಹತ್ತುತ್ತಿದ್ದೆವು. ಈಗ ಕಬಾಜಾ ಎಂಬ ಬಾಡಿಗೆ ಬೈಕುಗಳೂ ಇವೆ. ಅರವತ್ತೆರಡರ ವಯಸ್ಸಿನಲ್ಲಿ ಅಷ್ಟು ಧೈರ್ಯವಿಲ್ಲದೆ ಮತ್ತೆ ಪಿಕಪ್ಪನ್ನೇ ಹತ್ತಿದೆ. ತಿರುವು ತಿರುವಿಗೂ ಕೆಳಗೆ ಸರೋವರ ಅಗಲವಾಗುತ್ತ ಹೋಗುತ್ತದೆ. ಮೊದಲ ಬಾರಿ ಬಂದಾಗ ನೀರಿನ ನಡುವಿನಿಂದ ಕಂಬದಂತೆ ಹೊಗೆ ಏಳುವುದನ್ನು ಕಂಡು ಹಡಗಿಗೆ ಬೆಂಕಿ ಬಿದ್ದಿದೆಯೆಂದು ಗಾಬರಿಯಾಗಿದ್ದೆ. ಅದು ಹೊಗೆಯಲ್ಲ, ಕೋಟಿಗಟ್ಟಲೆ ಸಣ್ಣ ನೊಣ. ದಂಡೆಗೆ ಬಂದಾಗ ಜನ ಅವನ್ನು ಹಿಡಿದು, ಅದುಮಿ, ಉಂಡೆ ಕಟ್ಟಿ ಬೇಯಿಸಿ ತಿನ್ನುತ್ತಾರೆ. ನಾನೂ ಒಮ್ಮೆ ತಿಂದಿದ್ದೇನೆ. ಎರಡನೆಯ ಬಾರಿ ತಿಂದಿಲ್ಲ.

ಊರು ಗುರುತು ಸಿಗುವಂತೆಯೇ ಇತ್ತು, ಸದ್ದು ಮಾತ್ರ ಬೇರೆಯಾಗಿತ್ತು. ಲಾಸ್ ವಾಸವಿದ್ದ ಕಲ್ಲಿನ ಮನೆ, ಇಟ್ಟಿಗೆಯ ಚರ್ಚು, ಅದರ ಬಣ್ಣದ ಗಾಜಿನ ಕಿಟಕಿಯಲ್ಲಿ ಸರೋವರದ ಎದುರು ನಿಂತ ಲಿವಿಂಗ್‌ಸ್ಟನ್, ಎಲ್ಲವೂ ಇದ್ದಲ್ಲೇ ಇದ್ದವು. ಆದರೆ ಬೆಟ್ಟದ ಮೇಲೊಂದು ವಿಶ್ವವಿದ್ಯಾಲಯ ಮಾಡಬೇಕೆಂದು ಲಾಸ್ ಕಂಡಿದ್ದ ಕನಸು, ಅವರು 1927ರಲ್ಲಿ ದೇಶ ಬಿಟ್ಟು ಎಪ್ಪತ್ತಾರು ವರ್ಷಗಳಾದ ಮೇಲೆ, 2003ರಲ್ಲಿ ಕೈಗೂಡಿದೆ. ನಾವು ಕೈಕಟ್ಟಿಕೊಂಡು ನಡೆಯುತ್ತಿದ್ದ ದಾರಿಯಲ್ಲಿ ಈಗ ಇಯರ್‌ಫೋನು ಸಿಕ್ಕಿಸಿಕೊಂಡ ಹುಡುಗ ಹುಡುಗಿಯರು ನಗುತ್ತ ಓಡಾಡುತ್ತಾರೆ. ಅವರಲ್ಲಿ ಒಬ್ಬಳು ನನ್ನನ್ನು ನೋಡಿ ಬಹಳ ವಿನಯದಿಂದ, ಸೀರೆಯ ಅಮ್ಮ ಪ್ರವಾಸಕ್ಕೆ ಬಂದಿದ್ದೀರಾ, ಜಲಪಾತಕ್ಕೆ ದಾರಿ ತೋರಿಸಲೇ ಎಂದು ಕೇಳಿದಳು. ಮಂಚೇವೆ ಜಲಪಾತಕ್ಕೆ ಕಣ್ಣು ಕಟ್ಟಿ ಬಿಟ್ಟರೂ ಹೋಗಬಲ್ಲೆನೆಂದು ಹೇಳಬೇಕೆನಿಸಿತು. ಹೇಳದೆ, ಅವಳು ತೋರಿಸಿದ ದಾರಿಯಲ್ಲೇ ಸ್ವಲ್ಪ ದೂರ ನಡೆದೆ.

ದಾರಿಯುದ್ದಕ್ಕೂ ಒಂದು ನಿರ್ಧಾರ ಮಾಡಿಕೊಂಡಿದ್ದೆ. ಇದ್ದವರನ್ನು ಕೇಳಬೇಕು, ಹೋದವರನ್ನು ಅವರಾಗಿ ಹೇಳಿದರೆ ಮಾತ್ರ ಕೇಳಿಸಿಕೊಳ್ಳಬೇಕು. ಈ ನಿರ್ಧಾರ ಮೊದಲ ಮನೆಯ ಬಾಗಿಲಿನಲ್ಲೇ ಮುರಿಯಿತು. ನಮ್ಮ ನೆರೆಮನೆಯಲ್ಲಿದ್ದು ನನಗೆ ತುಂಬುಕಾ ಭಾಷೆ ಕಲಿಸಿದ ಮೇಡಂ ಈಗ ಎಂಬತ್ತರ ಹತ್ತಿರದವರು. ಎರಡೂ ಕೈಯಿಂದ ನನ್ನ ಕೈ ಹಿಡಿದು ಮಂಡಿ ಬಾಗಿಸಿ ಸ್ವಾಗತಿಸಿದರು. "ಮುಲಿ ಮಕೋಲಾ?" ಚೆನ್ನಾಗಿದ್ದೀರಾ? "ತಿಲಿ ಮಕೋಲಾ." ಚೆನ್ನಾಗಿದ್ದೇವೆ. ಅವರ ಹಿಂದೆ ಗೋಡೆಯ ಮೇಲೆ ಅವರ ಯಜಮಾನರ ಫೋಟೊ ಇತ್ತು, ಫೋಟೊದ ಕೆಳಗೆ ಎರಡು ವರ್ಷಗಳಿದ್ದವು, ಎರಡನೆಯದು 2001. ನಾನು ಹೊರಟು ಬಂದ ಮರುವರ್ಷ. ನನ್ನ ಬಾಯಿಂದ ತಾನಾಗಿಯೇ ಹೊರಟಿತು: ಅವರೂ ಹೋದರೇ? ಆಮೇಲೆ ಪಾದ್ರಿಗಳು, ಆಮೇಲೆ ಹೆರಿಗೆ ವಾರ್ಡಿನ ಇಬ್ಬರು ನರ್ಸುಗಳು, ಆಮೇಲೆ ಬಡಗಿ. ಮೇಡಂ ತಾಳ್ಮೆಯಿಂದ ತಲೆಯಾಡಿಸುತ್ತ ಉತ್ತರಿಸುತ್ತಿದ್ದರು. ಬಾಗಿಲಿನ ಹತ್ತಿರ ಒಂಬತ್ತು ಹತ್ತು ವರ್ಷದ ಹುಡುಗಿಯೊಬ್ಬಳು ಒಗೆದು ಇಸ್ತ್ರಿ ಮಾಡಿದ ಫ್ರಾಕು ತೊಟ್ಟು ಗೋಡೆಗೆ ಒರಗಿ ನಿಂತು ನನ್ನನ್ನೇ ನೋಡುತ್ತಿರುವುದು ಕಣ್ಣಿಗೆ ಬಿದ್ದದ್ದು ಆಗ. ಮಾತು ಅಲ್ಲಿಗೇ ನಿಲ್ಲಿಸಿ, ನಿನ್ನ ಹೆಸರೇನಮ್ಮ ಎಂದು ಕೇಳಿದೆ. ಅಜ್ಜಿ ನನ್ನ ಬೆನ್ನಿಗೆ ಗುದ್ದಿದಂತಾಗಿತ್ತು.

ಆ ದಿನಗಳಲ್ಲಿ ಅಷ್ಟು ಜನ ಏಕೆ ಹೋದರೆಂಬುದನ್ನು ಲ್ಯಾಬಿನಲ್ಲಿ ಕುಳಿತಿದ್ದ ನಾನು ಬೇರೆಯವರಿಗಿಂತ ಮೊದಲು ತಿಳಿಯುತ್ತಿದ್ದೆ. ಆಗ ಮಲಾವಿಯಲ್ಲಿ ಎಚ್‌ಐವಿ ಮನೆ ಮನೆಗೂ ಹೊಕ್ಕಿತ್ತು. ಮಲೇರಿಯಾ ಸಿಕ್ಕರೆ ಔಷಧ ಕೊಡಬಹುದಿತ್ತು. ಕ್ಲೋರೋಕ್ವಿನ್ ನಾಟದೆಂದು 1993ರಲ್ಲೇ, ಆಫ್ರಿಕಾದಲ್ಲಿ ಎಲ್ಲರಿಗಿಂತ ಮೊದಲು, ಆ ದೇಶ ಅದನ್ನು ಬಿಟ್ಟು ಬೇರೆ ಮಾತ್ರೆಗೆ ಬದಲಾಗಿತ್ತು. ಈ ಇನ್ನೊಂದು ಕಾಯಿಲೆಗೆ ಮಾತ್ರ ನಮ್ಮ ಬಳಿ ಪರೀಕ್ಷೆಯಿತ್ತು, ಔಷಧವಿರಲಿಲ್ಲ. ಶ್ರೀಮಂತ ದೇಶಗಳಲ್ಲಿ ಔಷಧ ಬಂದಿತ್ತು, ಆದರೆ ಒಬ್ಬರಿಗೆ ವರ್ಷಕ್ಕೆ ಹತ್ತು ಸಾವಿರ ಡಾಲರಿಗೂ ಹೆಚ್ಚು. ಕೊಳವೆಗಳ ಮೇಲೆ ಹೆಸರು ಇರುತ್ತಿರಲಿಲ್ಲ, ಸಂಖ್ಯೆ ಮಾತ್ರ ಇರುತ್ತಿತ್ತು. ಸಣ್ಣ ಆಸ್ಪತ್ರೆಯಲ್ಲಿ ರಕ್ತ ತೆಗೆಯುವವಳೂ ಪರೀಕ್ಷಿಸುವವಳೂ ಒಬ್ಬಳೇ ಆದಾಗ ಸಂಖ್ಯೆಯ ಹಿಂದಿನ ಮುಖ ಮರೆಯಾಗುವುದಿಲ್ಲ. ನಾನು ಹೊರಡುವ ಮೊದಲು, 2000ದ ಮಾರ್ಚಿನಲ್ಲಿ, ಅಂಥದೊಂದು ಸಂಖ್ಯೆ ಅಡುಗೆಮನೆಯ ಅಮಾಮಾಳದಾಗಿತ್ತು.

ಅಮಾಮಾ ಎಂದರೆ ಅಮ್ಮ. ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದ ಅವಳು ನನಗಿಂತ ನಾಲ್ಕೈದು ವರ್ಷ ಚಿಕ್ಕವಳೇ ಇದ್ದಿರಬೇಕು, ಆದರೂ ನಾನೂ ಹಾಗೆಯೇ ಕರೆಯುತ್ತಿದ್ದೆ. ನಮ್ಮ ಸ್ನೇಹ ಆರಂಭವಾದದ್ದು ರಾಗಿಯಿಂದ. ಆ ಕಡೆಯ ಊಟ ನ್ಸಿಮಾ. ಬಿಳಿ ಜೋಳದ, ಅಂದರೆ ಮುಸುಕಿನ ಜೋಳದ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ, ಮರದ ಹುಟ್ಟಿನಿಂದ ತೊಳಸಿ ಗಟ್ಟಿ ಮಾಡಿದ್ದು. ಮೊದಲ ದಿನ ನೋಡಿದಾಗ ಇದು ಬಣ್ಣ ಕಳೆದುಕೊಂಡ ಮುದ್ದೆ ಎಂದುಕೊಂಡೆ. ಬೆಟ್ಟದ ಮೇಲೆ ಮರಗೆಣಸಿನ ಹಿಟ್ಟಿನದೂ ಮಾಡುತ್ತಾರೆ, ಅದಕ್ಕೆ ಕೊಂಡೋವೊಲೆ ಎಂದು ಹೆಸರು. ಅದು ಅಂಟಂಟು, ಹಲ್ಲು ಬಿಡುವುದಿಲ್ಲ. ಆರು ತಿಂಗಳಾದ ಮೇಲೆ ಸಂತೆಯಲ್ಲಿ ಒಬ್ಬ ಮುದುಕಿಯ ಮುಂದೆ ಬುಟ್ಟಿಯಲ್ಲಿ ರಾಗಿಯನ್ನು ಕಂಡು ನಾನು ಅಲ್ಲೇ ಕುಕ್ಕರಗಾಲಿನಲ್ಲಿ ಕುಳಿತು ಬೊಗಸೆಯಲ್ಲಿ ತುಂಬಿಕೊಂಡು ಮೂಸಿ ನೋಡಿದೆ. ನಿಜವಾದ ರಾಗಿ. ಅಲ್ಲಿ ಅದಕ್ಕೆ ಮಾವೆರೆ ಎನ್ನುತ್ತಾರೆ. ರಾಗಿ ಮಂಡ್ಯದ ಮಣ್ಣಿನಲ್ಲೇ ಹುಟ್ಟಿದ್ದೆಂದು ನಂಬಿದ್ದ ನನಗೆ, ಅದು ಪೂರ್ವ ಆಫ್ರಿಕಾದ ಎತ್ತರದ ನೆಲದಲ್ಲಿ ಪಳಗಿ, ಸಾವಿರಾರು ವರ್ಷಗಳ ಹಿಂದೆ ಸಮುದ್ರ ದಾಟಿ ನಮ್ಮಲ್ಲಿಗೆ ಬಂದ ಧಾನ್ಯವೆಂಬುದು ಗೊತ್ತಾದದ್ದು ಆಮೇಲೆ. ನೆಂಟರ ಮನೆಗೆ ಹೋಗಿ, ನಮ್ಮ ಮನೆಯ ಪಾತ್ರೆ ಇಲ್ಲಿಗೆ ಹೇಗೆ ಬಂತು ಎಂದು ಕೇಳಿದಂತಾಗಿತ್ತು ನನ್ನ ಸ್ಥಿತಿ.

ಎರಡು ಸೇರು ಕೊಂಡು ತಂದದ್ದು ಮೇಡಂ ಕಣ್ಣಿಗೆ ಬಿದ್ದು ಅವರ ಮುಖ ಗಂಭೀರವಾಯಿತು. ಮಾವೆರೆಯಿಂದ ಅಲ್ಲಿ ಮುಖ್ಯವಾಗಿ ಮಾಡುವುದು ಬಿಯರು. ಲಾಸ್ ಅವರ ಕಾಲದಿಂದ ಆ ಸಭೆಗೆ ಬಿಯರ್ ಎಂದರೆ ಆಗದು. ಇಂಡಿಯಾದಿಂದ ಬಂದ ಮಿಷನ್ನಿನ ಹೆಂಗಸು ಗುಟ್ಟಾಗಿ ಮದ್ಯ ಬಸಿಯಲು ಹೊರಟಿದ್ದಾಳೆಂಬ ಸುದ್ದಿ ಭಾನುವಾರದ ಹೊತ್ತಿಗೆ ಚರ್ಚಿನ ಮೆಟ್ಟಿಲು ಮುಟ್ಟಿತ್ತು. ಅದಕ್ಕೆ ಮೊದಲೇ ನಾನು ಊರಿಗೆ ಒಂದು ವಿಚಿತ್ರವಾಗಿದ್ದೆ. ದೇಶದ ಮೊದಲ ಅಧ್ಯಕ್ಷ ಬಂಡಾ ಅವರ ಆಡಳಿತದಲ್ಲಿ ಭಾರತೀಯ ಮೂಲದವರು ದೊಡ್ಡ ಪಟ್ಟಣಗಳಲ್ಲಿ ಮಾತ್ರ ವ್ಯಾಪಾರ ಮಾಡಬೇಕೆಂಬ ನಿರ್ಬಂಧ ಬಹಳ ಕಾಲ ಇತ್ತು. ಹೀಗಾಗಿ ಉತ್ತರದ ಹಳ್ಳಿಗಳ ಮಕ್ಕಳು ಅಮ್ವೆನ್ಯೆಗಳನ್ನು, ಅಂದರೆ ನಮ್ಮವರನ್ನು, ಕಂಡದ್ದೇ ಕಡಿಮೆ. ನಿನ್ನ ಅಂಗಡಿ ಎಲ್ಲಿದೆ ಎಂದು ಕೇಳುತ್ತಿದ್ದರು. ಅಂಗಡಿಯೂ ಇಲ್ಲದ, ಬಿಯರಿನ ಧಾನ್ಯ ಕೊಳ್ಳುವ ಅಮ್ವೆನ್ಯೆ! ಆ ರಾತ್ರಿ ಹಿತ್ತಲ ಬಾಗಿಲು ತಟ್ಟಿ, ಸೊಂಟಕ್ಕೆ ಸುತ್ತಿದ್ದ ಚಿತೇಂಜೆ ಬಟ್ಟೆಯ ಮಡಿಕೆಯಿಂದ ಬೀಸಿದ ರಾಗಿಹಿಟ್ಟಿನ ಗಂಟು ತೆಗೆದು ಮೇಜಿನ ಮೇಲಿಟ್ಟವಳು ಅಮಾಮಾ. "ಬಿಯರು ಮಾಡುವವಳು ನಾನು," ಎಂದಳು, "ನೀನು ಮಾಡುವವಳಲ್ಲ ಅಂತ ನಿನ್ನ ಕೈ ನೋಡಿದರೇ ತಿಳಿಯುತ್ತದೆ. ಇದರಲ್ಲಿ ಏನು ಮಾಡುತ್ತೀ, ತೋರಿಸು."

ತೋರಿಸಿದೆ. ಮುದ್ದೆ ಮಾಡಿ, ಅಲ್ಲಿ ಸಿಕ್ಕಿದ ಸೊಪ್ಪು ಕಾಳಿನದೇ ಒಂದು ಬಸ್ಸಾರು ಮಾಡಿ, ಅಗಿಯದೆ ನುಂಗಬೇಕೆಂದು ಹೇಳಿಕೊಟ್ಟೆ. ಅವಳಿಗೆ ಆಗಲೇ ಇಲ್ಲ. ಅಗಿದು ತಿಂದಳು, ಮುಖ ಹುಳ್ಳಗೆ ಮಾಡಿದಳು, ಮುಂದಿನ ವಾರ ಮತ್ತೆ ಹಿಟ್ಟು ತಂದಳು. ಹೀಗೆ ಎರಡು ವರ್ಷ.

ಅವಳ ಪರೀಕ್ಷೆಯ ವಿಷಯ ನಾವಿಬ್ಬರೂ ಒಂದು ದಿನವೂ ಮಾತಾಡಲಿಲ್ಲ. ಅವಳಿಗೆ ಹೇಳಬೇಕಾದವರು ಹೇಳಿದ್ದರು, ನನಗೆ ಗೊತ್ತೆಂಬುದು ಅವಳಿಗೂ ಗೊತ್ತಿತ್ತು. ಹೊರಡುವ ದಿನ ಪಿಕಪ್ಪಿನ ಬಳಿ ಬಂದು ಹಿಟ್ಟಿನ ಗಂಟು ಕೊಟ್ಟಾಗ ನಾನು ತಡೆಯಲಾರದೆ ಅತ್ತೆ. ಊರು ಬಿಡುವ ದುಃಖಕ್ಕೆ ಅಳುತ್ತಿದ್ದೇನೆಂದು ಎಲ್ಲರೂ ಸಮಾಧಾನ ಹೇಳಿದರು. ಮೈಸೂರಿಗೆ ಬಂದ ಮೇಲೆ ಲ್ಯಾಬಿನಲ್ಲಿ ನನ್ನ ಸಹಾಯಕನಾಗಿದ್ದ ಹುಡುಗ ನಾಲ್ಕಾರು ಏರೋಗ್ರಾಂ ಬರೆದ. ಅವುಗಳಲ್ಲಿ ಅವಳ ಹೆಸರು ಇರಲಿಲ್ಲ, ನಾನೂ ಕೇಳಲಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ. ಕ್ರಮೇಣ ಪತ್ರಗಳೂ ನಿಂತವು. ಈಸ್ಟರಿನ ಮುಂಜಾನೆ ಸಮಾಧಿಗಳ ಬಳಿ ಮೊಂಬತ್ತಿ ಹಚ್ಚಿ ನಮ್ಮವರನ್ನು ನೆನೆಯುವಾಗ ಅಜ್ಜಿ, ಅಪ್ಪ, ಅಮ್ಮನ ಹೆಸರುಗಳ ಸಾಲಿಗೆ ಅಮಾಮಾಳ ಹೆಸರನ್ನೂ ಯಾವಾಗಲೋ ಸೇರಿಸಿಬಿಟ್ಟಿದ್ದೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆ ಪ್ರಾರ್ಥನೆ ಮಾಡಿದ್ದೇನೆ.

ಎರಡನೆಯ ದಿನ ಆಸ್ಪತ್ರೆಗೆ ಹೋದೆ. ಆ ಸಹಾಯಕ ಹುಡುಗ ಈಗ ನಲವತ್ತಾರರ ಗೃಹಸ್ಥ, ಹೊಟ್ಟೆ ಬಂದಿದೆ, ಓದುವ ಕನ್ನಡಕ ಹಣೆಯ ಮೇಲಿದೆ, ಲ್ಯಾಬು ಅವನ ಕೈಯಲ್ಲಿದೆ. ಮಲೇರಿಯಾಕ್ಕೆ ಈಗ ಬಹುತೇಕ ಕಿಟ್ಟುಗಳು. ಒಂದು ಹನಿ ರಕ್ತ, ಹದಿನೈದು ನಿಮಿಷ, ಒಂದು ಗೆರೆ ಅಥವಾ ಎರಡು ಗೆರೆ. ಆದರೂ ನನಗೆಂದು ಒಂದು ದಪ್ಪ ಲೇಪದ ಸ್ಲೈಡು ಬಣ್ಣ ಹಚ್ಚಿ ಇಟ್ಟಿದ್ದ. ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ನೇರಳೆ ಬಣ್ಣದ ನಡುವೆ ಆ ಸಣ್ಣ ಉಂಗುರಗಳನ್ನು ಹುಡುಕುತ್ತಿದ್ದಾಗ, ಹಿಂದಿನಿಂದ ಅವನು ತನ್ನ ಕೈಕೆಳಗಿನ ಹುಡುಗಿಗೆ ಏನನ್ನೋ ತರಲು ಹೇಳಿದ್ದು ಕಿವಿಗೆ ಬಿತ್ತು. ತುಂಬುಕಾ ವಾಕ್ಯದ ನಡುವೆ ಒಂದು ಶಬ್ದ ಕನ್ನಡದ್ದಿತ್ತು. ತಿರುಗಿ ನೋಡಿದೆ. ಆ ಹುಡುಗಿ ಡಿಸ್ಟಿಲ್ಡ್ ವಾಟರಿನ ಬಾಟಲಿ ತಂದು ಕೊಟ್ಟಳು. ಬಾಟಲಿಯ ಚೀಟಿಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ "ನೀರು" ಎಂದು ಬರೆದಿತ್ತು. ಮೊದಲ ವರ್ಷ ಬಾಟಲಿಗಳು ಅದಲುಬದಲಾಗದಿರಲೆಂದು ನಾನು ನನ್ನ ಗುರುತಿಗೆ ಕನ್ನಡದಲ್ಲಿ ಚೀಟಿ ಅಂಟಿಸುತ್ತಿದ್ದೆ. ಇವನು ಕೇಳಿ ಕಲಿತುಕೊಂಡಿದ್ದ. ಅವನ ಕೈಕೆಳಗೆ ಕಲಿತವರು ಅದನ್ನು ಲ್ಯಾಟಿನ್ನಿನದೋ ಮತ್ತಾವುದರದೋ ಶಾಸ್ತ್ರೀಯ ಶಬ್ದವೆಂದು ತಿಳಿದಿದ್ದಾರೆ. ಮೂರು ವರ್ಷ ಕಲಿಸಿದ್ದರಲ್ಲಿ ಲೇಪ ಹಚ್ಚುವ ಕ್ರಮ ಹೋಯಿತು, ಎಣಿಸುವ ಕ್ರಮ ಹೋಯಿತು, ನೀರು ಉಳಿಯಿತು.

ನಗು ನಿಂತ ಮೇಲೆ, ಅಜ್ಜಿಯನ್ನು ನೆನೆದುಕೊಂಡು, ಅವನ ಹೆಂಡತಿ ಮಕ್ಕಳ ವಿಷಯವನ್ನೆಲ್ಲ ಕೇಳಿದೆ. ಹೇಳಿದ. ಆಮೇಲೆ ಕನ್ನಡಕ ಒರೆಸಿಕೊಳ್ಳುತ್ತ, "ನೀವು ಅಮಾಮಾನ್ನ ಮಾತ್ರ ಕೇಳಲೇ ಇಲ್ಲ. ಜಗಳ ಏನಾದರೂ ಆಗಿತ್ತಾ?" ಎಂದ. ಅವಳು ಕೆಳಗೆ ಚಿತಿಂಬಾದಲ್ಲಿ ಮಗಳ ಮನೆಯಲ್ಲಿದ್ದಾಳೆ, ನಾನು ಬಂದಿರುವ ಸುದ್ದಿ ಫೋನಿನಲ್ಲಿ ತಲುಪಿ ನಿನ್ನೆಯಿಂದ ಕಾಯುತ್ತಿದ್ದಾಳೆ, ಬೆಟ್ಟ ಹತ್ತಲು ಮೊಣಕಾಲು ಬಿಡುವುದಿಲ್ಲವಂತೆ.

ಕಬಾಜಾ ಬೈಕಿನ ಮೇಲೆ ಆ ಇಪ್ಪತ್ತು ತಿರುವುಗಳನ್ನು ಹೇಗೆ ಇಳಿದೆನೆಂದು ಕೇಳಬೇಡಿ. ಹುಡುಗನ ಜಾಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿದ್ದೆ. ಕಣ್ಣು ತೆರೆದಾಗ ಮಾವಿನ ಮರದ ಕೆಳಗೆ ಚಾಪೆಯ ಮೇಲೆ ಕಾಲು ಚಾಚಿ ಕುಳಿತ ದಪ್ಪ ಹೆಂಗಸೊಬ್ಬಳು ಮೊರದಲ್ಲಿ ಏನನ್ನೋ ಕೇರುತ್ತಿದ್ದಳು. ನಾನು ಬಿಟ್ಟುಬಂದಾಗ ಅವಳು ಸಣಕಲಾಗಿದ್ದಳು. ಮೊರದಲ್ಲಿದ್ದದ್ದು ರಾಗಿ.

ಸ್ವಲ್ಪ ಹೊತ್ತು ಇಬ್ಬರೂ ಅತ್ತೆವು, ಅದನ್ನು ಬರೆಯುವುದು ಬೇಡ. ಆಮೇಲೆ, ಸುಳ್ಳು ಹೇಳಿ ಕುಳಿತುಕೊಳ್ಳಲಾರದೆ, ನೀನು ಸತ್ತಿದ್ದೀಯೆಂದುಕೊಂಡಿದ್ದೆ ಎಂದು ಹೇಳಿಬಿಟ್ಟೆ. ಪ್ರತಿ ಈಸ್ಟರಿಗೆ ಮೊಂಬತ್ತಿ ಹಚ್ಚುತ್ತಿದ್ದದ್ದನ್ನೂ ಹೇಳಿದೆ. ಅವಳು ಎರಡು ಕೈ ತಟ್ಟಿ, ಅಲ್ಲಿದ್ದವರೆಲ್ಲ ತಿರುಗಿ ನೋಡುವಂತೆ ನಕ್ಕಳು. "ನಾನೂ ಹಾಗೇ ಅಂದುಕೊಂಡಿದ್ದೆ!" ಎಂದಳು. "ಪೆಟ್ಟಿಗೆಗೆ ಹಲಗೆ ಕೂಡ ಹೇಳಿಟ್ಟಿದ್ದೆ. ಆ ಹಲಗೆಯೇ ಈಗ ಈ ಮನೆಯ ಬಾಗಿಲು." ಬಾಗಿಲನ್ನು ನೋಡಿದೆ. ಒಳ್ಳೆಯ ಮರ.

ಮಲಾವಿಯಲ್ಲಿ 2004ರಿಂದ ಎಚ್‌ಐವಿ ಔಷಧವನ್ನು ಸರ್ಕಾರವೇ ಉಚಿತವಾಗಿ ಕೊಡಲು ಆರಂಭಿಸಿತು. ಅಮಾಮಾಳಿಗೆ ಸಿಕ್ಕಿದ್ದು 2005ರಲ್ಲಿ, ನಡೆಯಲಾರದೆ ಮಗಳ ಬೆನ್ನ ಮೇಲೆ ಬಂದ ಸ್ಥಿತಿಯಲ್ಲಿ. ಮೂರು ಔಷಧಗಳನ್ನು ಒಂದೇ ಗುಳಿಗೆಯಲ್ಲಿ ಸೇರಿಸಿದ್ದ ಆ ಮಾತ್ರೆಯ ಡಬ್ಬಿಯನ್ನು ಅವಳು ಇನ್ನೂ ಇಟ್ಟುಕೊಂಡಿದ್ದಳು. ಅದರಲ್ಲಿ ಈಗ ಸೂಜಿ ದಾರ ಇದೆ. ಒಳಗೆ ಹೋಗಿ ತಂದು ನನ್ನ ಕೈಗೆ ಕೊಟ್ಟಳು. ಅಕ್ಷರಗಳು ಮಾಸಿದ್ದವು, ಆದರೂ ಓದಬಹುದಿತ್ತು. ಮೇಡ್ ಇನ್ ಇಂಡಿಯಾ. ಸಿಪ್ಲಾ ಕಂಪನಿ 2001ರಲ್ಲಿ ಇಂಥ ಔಷಧವನ್ನು ಒಬ್ಬ ರೋಗಿಗೆ ವರ್ಷಕ್ಕೆ 350 ಡಾಲರಿಗೆ ಕೊಡುತ್ತೇನೆಂದು ಮುಂದೆ ಬಂದದ್ದು, ಅದರಿಂದ ಜಗತ್ತಿನಲ್ಲೆಲ್ಲ ಬೆಲೆ ಕುಸಿದದ್ದು, ಇವನ್ನೆಲ್ಲ ನಾನು ಮೈಸೂರಿನಲ್ಲಿ ಕುಳಿತು ಪತ್ರಿಕೆಯಲ್ಲಿ ಓದಿದ್ದೆ. ಓದಿ ಪುಟ ತಿರುವಿದ್ದೆ. ಆ ಸುದ್ದಿಯನ್ನೂ ಈ ಹೆಂಗಸನ್ನೂ ಒಟ್ಟಿಗೆ ಇಟ್ಟು ಯೋಚಿಸಬೇಕೆಂದು ನನಗೆ ಒಮ್ಮೆಯೂ ತೋಚಿರಲಿಲ್ಲ. ಅವಳನ್ನು ಆಗಲೇ ಆ ಇನ್ನೊಂದು ಸಾಲಿಗೆ ಸೇರಿಸಿಯಾಗಿತ್ತಲ್ಲ.

"ಇದನ್ನು ನೀನೇ ಕಳಿಸಿದ್ದು ಅಂತ ತಿಳಿದಿದ್ದೆ," ಎಂದಳು ಅಮಾಮಾ. "ನಿನ್ನ ದೇಶದ ಹೆಸರು ಅಂತ ನರ್ಸು ಓದಿ ಹೇಳಿದಳು. ಹೋಗುವಾಗ ಅಷ್ಟು ಅತ್ತಿದ್ದೆಯಲ್ಲ, ಹೋಗಿ ಯಾರಿಗೋ ಹೇಳಿರಬೇಕು ಅಂದುಕೊಂಡೆ."

ನಾನಲ್ಲ ಎಂದೆ. ನಾನು ಯಾರಿಗೂ ಹೇಳಿರಲಿಲ್ಲ ಎಂದೆ. ಅವಳು ನಂಬಿದಂತೆ ಕಾಣಲಿಲ್ಲ. ಮಾತನ್ನು ಬೆಳೆಸುವ ಮನಸ್ಸೂ ಅವಳಿಗಿರಲಿಲ್ಲ. ಮೊಮ್ಮಕ್ಕಳನ್ನು ಕರೆದು ಒಬ್ಬೊಬ್ಬರದಾಗಿ ಹೆಸರು ಹೇಳಿಸಿದಳು, ಐದು ಜನ. ನಾನು ಪ್ರತಿಯೊಬ್ಬರನ್ನೂ ಯಾವ ತರಗತಿಯೆಂದು ಕೇಳಿದೆ.

ಸಂಜೆ ಮುದ್ದೆ ಮಾಡಿದೆವು. ಜೋಳ ತುಟ್ಟಿಯಾದ ವರ್ಷ. ಮನೆಯಲ್ಲಿದ್ದ ಒಂದೇ ಕೋಳಿಯನ್ನು ಕೊಯ್ಯಬೇಡವೆಂದು ನಾನು ಎಷ್ಟು ಬೇಡಿಕೊಂಡರೂ ಅವಳ ಮಗಳು ಕೇಳಲಿಲ್ಲ. ಮೂರು ಕಲ್ಲಿನ ಒಲೆಯ ಮೇಲೆ ಎಸರು ಕುದಿಯಿತು. ರಾಗಿಹಿಟ್ಟು ನಮ್ಮಲ್ಲಿಯಷ್ಟು ನುಣ್ಣಗಿರಲಿಲ್ಲ, ಗಂಟಾಗುತ್ತಿತ್ತು. ನಾನು ಹಿಟ್ಟು ಸುರಿದು ನಡುವೆ ಕುಳಿ ಮಾಡಿ ಬೇಯಲು ಬಿಟ್ಟೆ. ನ್ಸಿಮಾ ಮಾಡುವ ಕೈಗೆ ಅಷ್ಟು ತಾಳ್ಮೆ ಎಲ್ಲಿ, ಅಮಾಮಾ ನನ್ನ ಕೈಯಿಂದ ಮರದ ಹುಟ್ಟನ್ನು ಕಿತ್ತುಕೊಂಡು ಪಾತ್ರೆಯನ್ನು ಎರಡು ಪಾದಗಳ ನಡುವೆ ಹಿಡಿದು ತೊಳಸಿದಳು. ಆ ತೋಳುಗಳಲ್ಲಿ ಎಂಥ ಬಲ! ಬಿಸಿ ಆರುವ ಮೊದಲು ಕೈಗೆ ನೀರು ಮುಟ್ಟಿಸಿಕೊಂಡು ನಾನು ಉಂಡೆ ಕಟ್ಟಿದೆ. ಮಕ್ಕಳು ಚೊಂಬಿನಿಂದ ಎಲ್ಲರ ಕೈಗೂ ನೀರು ಹಾಕಿದರು. ನಾನು ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗಿದಾಗ ಐದೂ ಮಕ್ಕಳು ಊಟ ಬಿಟ್ಟು ನನ್ನ ಗಂಟಲನ್ನೇ ನೋಡುತ್ತಿದ್ದರು.

ಅಷ್ಟರಲ್ಲಿ ಅಮಾಮಾಳ ಫೋನು ಕಿರುಚಿತು. ದಿನಾ ಎಂಟು ಗಂಟೆಯ ಅಲಾರಂ. ಹಿರಿಯ ಮೊಮ್ಮಗಳು ಹೇಳಿಸಿಕೊಳ್ಳದೆ ಎದ್ದು ಹೋಗಿ ಮಾತ್ರೆ ತಂದು ಅವಳ ಅಂಗೈಯಲ್ಲಿಟ್ಟಳು. ಈಗ ದಿನಕ್ಕೊಂದೇ ಮಾತ್ರೆ. ಅಮಾಮಾ ಅದನ್ನು ನೋಡಿದಳು, ಇನ್ನೊಂದು ಕೈಯಲ್ಲಿದ್ದ ಮುದ್ದೆಯ ತುತ್ತನ್ನು ನೋಡಿದಳು, ಮಾತ್ರೆಯನ್ನು ತುತ್ತಿನೊಳಗೆ ಒತ್ತಿ, ಸಾರಿಗೆ ಅದ್ದಿ, ತಲೆಯನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ, ಅಗಿಯದೆ ನುಂಗಿದಳು. ಗಂಟಲಲ್ಲಿ ಅದು ಇಳಿಯುವುದು ಒಲೆಯ ಬೆಳಕಿನಲ್ಲಿ ಕಂಡಿತು.

"ಬಂತು ನೋಡು," ಎಂದಳು.